ಕುಸುರೆಳ್ಳಿನ ಎರಡು ಕೈ

ಧಾರವಾಡದವರು ಯಾರ ಮನೆಗೆ ಹೊರಟರೂ ಕೈಯಲ್ಲಿ ಪೇಡೆಯ ಪೆಟ್ಟಿಗೆ ಇರುತ್ತದೆ. ಪರೀಕ್ಷೆ ಪಾಸಾದರೆ ಪೇಡೆ, ಕೂಸು ಹುಟ್ಟಿದರೆ ಪೇಡೆ, ಹೆಣ್ಣು ನೋಡಲು ಹೊರಟರೂ ಪೇಡೆ. ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ತರದ ಉನ್ನಾವ್ ಕಡೆಯಿಂದ ಬಂದು ಇಲ್ಲಿ ನೆಲೆನಿಂತ ಠಾಕೂರ್ ಮನೆತನದವರು ಖೋವಾವನ್ನು ಕಂದುಬಣ್ಣಕ್ಕೆ ತಿರುಗುವವರೆಗೆ ಹುರಿದು, ಉಂಡೆ ಕಟ್ಟಿ, ಸಕ್ಕರೆಯಲ್ಲಿ ಹೊರಳಿಸಿ ಊರಿಗೇ ಒಂದು ಹೆಸರು ತಂದುಕೊಟ್ಟರು. ಆ ಹೆಸರಿನ ಮೇಲೆ ನನಗೂ ಅಭಿಮಾನವಿದೆ. 1985ರ ಕಾರ್ತಿಕದಲ್ಲಿ ಬಿಜಾಪುರದ ಹುಡುಗಿಯೊಂದಿಗೆ ನನ್ನ ಮದುವೆ ನಿಶ್ಚಯವಾದಾಗ ನಮ್ಮ ಹಿರಿಯರು ಹೊತ್ತುಕೊಂಡು ಹೋದದ್ದೂ ಲೈನ್ ಬಜಾರಿನ ಪೇಡೆಯನ್ನೇ.

ಸಂಕ್ರಾಂತಿಗೆ ಮಾತ್ರ ಪೇಡೆ ನಡೆಯುವುದಿಲ್ಲ. ನಿಶ್ಚಯವಾದ ಹೆಣ್ಣಿಗೆ ಗಂಡಿನ ಮನೆಯಿಂದ ಸೀರೆಯ ಜೊತೆ ಕುಸುರೆಳ್ಳು ಹೋಗಬೇಕು. ಮೈಸೂರು ಸೀಮೆಯವರು ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ ಬೆರೆಸಿ ಸಕ್ಕರೆ ಅಚ್ಚಿನ ಜೊತೆ ಬೀರುತ್ತಾರಲ್ಲ, ನಮ್ಮ ಕಡೆ ಅದರ ಜಾಗದಲ್ಲಿ ಕುಸುರೆಳ್ಳು. ಒಂದೊಂದು ಎಳ್ಳಿನ ಕಾಳಿಗೂ ಸಕ್ಕರೆ ಪಾಕವನ್ನು ಪದರ ಪದರವಾಗಿ ಹೊದಿಸಿ, ಮೈತುಂಬ ಸಣ್ಣ ಸಣ್ಣ ಮುಳ್ಳು ಏಳುವ ಹಾಗೆ ಮಾಡುವುದು. ಮುಳ್ಳು ಎದ್ದಷ್ಟೂ ಕುಸುರೆಳ್ಳಿಗೆ ಮಾನ. ರುಚಿಯಲ್ಲಿ ಅದು ಸಕ್ಕರೆಯೇ, ಒಳಗೊಂದು ಎಳ್ಳು. ಬಾಯಿಚಪಲಕ್ಕಾಗಿ ಯಾರೂ ಅದನ್ನು ಬೇಡುವುದಿಲ್ಲ. ಆದರೂ ಚಿಟಿಕೆ ಕುಸುರೆಳ್ಳನ್ನು ಅಂಗೈಗೆ ಹಾಕಿಸಿಕೊಂಡವರು ಬಾಯಿಗೆ ಹಾಕುವ ಮೊದಲು ಅದನ್ನೊಮ್ಮೆ ಬೆಳಕಿಗೆ ಹಿಡಿದು ನೋಡುತ್ತಾರೆ. ಮುಳ್ಳು ನೋಡುವುದು, ಕೈ ನೋಡುವುದು ಎರಡೂ ಆಗ ಒಂದೇ.

ನಮ್ಮ ಮಾಳಮಡ್ಡಿಯ ಮನೆಯಲ್ಲಿ ಕುಸುರೆಳ್ಳು ಅತ್ಯಾನ ಕೆಲಸ. ಅತ್ಯಾ ಎಂದರೆ ಅಪ್ಪನ ಅಕ್ಕ. ಮದುವೆಯಾಗಿ ಹುಬ್ಬಳ್ಳಿಗೆ ಹೋದವಳು, ಮಾಮಾ ತೀರಿಕೊಂಡ ಮೇಲೆ ತವರಿಗೆ ಬಂದು ಉಳಿದಿದ್ದಳು. ನಮ್ಮ ಓಣಿಯಲ್ಲಿ ಅವಳ ಕುಸುರೆಳ್ಳಿಗೆ ಸಮನಾದದ್ದು ಇರಲಿಲ್ಲ. ಡಿಸೆಂಬರ್ ಬಂತೆಂದರೆ ಅಕ್ಕಪಕ್ಕದವರು ಸಕ್ಕರೆ, ಎಳ್ಳು ತಂದುಕೊಟ್ಟು, "ಅತ್ಯಾ, ನಮ್ಮ ಸೊಸಿಗೊಂದಿಷ್ಟು" ಎಂದು ಹೇಳಿ ಹೋಗುತ್ತಿದ್ದರು. ಆ ಸೊಸೆಯರ ಸಂಕ್ರಾಂತಿಯ ಅರಿಷಿಣ-ಕುಂಕುಮಕ್ಕೆ ಅವಳಿಗೆ ಕರೆ ಬರುತ್ತಿರಲಿಲ್ಲ. ಹಂಚುವ ಬಟ್ಟಲಲ್ಲಿ ಅವಳ ಕೈ ಇರುತ್ತಿತ್ತು, ಕೂಡುವ ಚಾಪೆಯ ಮೇಲೆ ಅವಳಿಗೆ ಜಾಗವಿರಲಿಲ್ಲ. ಚಿಕ್ಕವನಿದ್ದಾಗ ಅದು ನನಗೆ ಸಹಜವಾಗಿಯೇ ಕಂಡಿತ್ತು. ಓದಿ, ನೌಕರಿ ಹಿಡಿದು, ಮನೆಯ ಮಾತುಗಳನ್ನು ಬೇರೆ ಕಿವಿಯಿಂದ ಕೇಳತೊಡಗಿದ ಮೇಲೆ ಅದು ನನ್ನನ್ನು ಚುಚ್ಚತೊಡಗಿತು.

ಆ ವರ್ಷ ಬಿಜಾಪುರಕ್ಕೆ ಹೋಗಬೇಕಾದ ಕುಸುರೆಳ್ಳನ್ನು ನಾನೇ ಮಾಡುತ್ತೇನೆಂದು ಅತ್ಯಾನ ಮುಂದೆ ಹೇಳಿದೆ. ಯಾಕೆ ಹಾಗೆ ಅನ್ನಿಸಿತೆಂದು ಈಗ ಬಿಡಿಸಿ ಹೇಳಬಲ್ಲೆ. ಆ ಹುಡುಗಿಯನ್ನು ನಾನು ನೋಡಿದ್ದು ಹೆಣ್ಣು ನೋಡುವ ದಿನ, ಆಮೇಲೆ ನಿಶ್ಚಯದ ದಿನ. ಎರಡೂ ದಿನ ಕೋಣೆ ತುಂಬ ಜನ. ಅವಳು ಮಾತಾಡಿದ್ದು ಕಡಿಮೆ, ಆದರೆ ಮಾತಾಡಿದ್ದೆಲ್ಲ ನೆಟ್ಟಗಿತ್ತು. ಏನು ಕಲಿಸುತ್ತೀರಿ ಎಂದು ಕೇಳಿದಳು, ರಸಾಯನಶಾಸ್ತ್ರ ಎಂದೆ, "ಪ್ರಯೋಗ ನೀವೇ ಮಾಡಿ ತೋರಸ್ತೀರೋ, ಬರೇ ಬೋರ್ಡಿನ ಮ್ಯಾಲೋ?" ಎಂದು ಕೇಳಿದಳು. ಆ ಪ್ರಶ್ನೆ ತಲೆಯಲ್ಲಿ ಉಳಿದುಬಿಟ್ಟಿತ್ತು. ಅಂಗಡಿಯಿಂದ ತಂದದ್ದೋ, ಮನೆಯ ಹೆಂಗಸರು ಮಾಡಿದ್ದೋ ನನ್ನ ಹೆಸರಿನಲ್ಲಿ ಅವಳಿಗೆ ಹೋಗುವುದು ನನಗೆ ಬೇಡವಾಗಿತ್ತು. ಅವಳಿಗೆ ತಲುಪುವುದು ನನ್ನ ಕೈಯಿಂದ ಆದದ್ದಾಗಬೇಕು.

ಅವ್ವ, "ಗಂಡಸರಿಗೆ ಆಗೂ ಕೆಲಸ ಅಲ್ಲ ಅದು, ಅಷ್ಟು ಹೊತ್ತು ಯಾರು ಕೂಡ್ತಾರ?" ಎಂದಳು. ಅತ್ಯಾ ಮಾತ್ರ ನನ್ನ ಬೆರಳುಗಳನ್ನು ಹಿಡಿದು ತಿರುಗಿಸಿ ನೋಡಿ, "ನಾಳೆ ನಸುಕಿನ್ಯಾಗ ಏಳು. ಉಗುರು ತಕ್ಕೊಂಡು ಬಾ" ಎಂದಳು.

ಅದು ಧನುರ್ಮಾಸ. ಆ ತಿಂಗಳು ನಮ್ಮ ಮನೆಯಲ್ಲಿ ಕತ್ತಲಿರುವಾಗಲೇ ಪೂಜೆಯಾಗಿ ಹೆಸರುಬೇಳೆಯ ಹುಗ್ಗಿ ನೈವೇದ್ಯವಾಗಬೇಕು. ಹುಗ್ಗಿ ಇಳಿಸಿದ ಮೇಲೆ ಒಲೆಯಲ್ಲಿ ಉಳಿದ ಕೆಂಡವನ್ನು ಅತ್ಯಾ ಶೆಗಡಿಗೆ ತುಂಬಿ, ಮೇಲೆ ಬೂದಿ ಎಳೆಯುತ್ತಿದ್ದಳು. ಅಂಗೈಯನ್ನು ಶೆಗಡಿಯ ಮೇಲೆ ಹಿಡಿದರೆ ಹಿತವಾಗಿ ಬೆಚ್ಚಗಿರಬೇಕು, ಹಿಂದಕ್ಕೆ ತೆಗೆಯಬೇಕೆನ್ನಿಸಬಾರದು. ಅದು ಅವಳ ಉಷ್ಣಮಾಪಕ. ಅದರ ಮೇಲೆ ಕಲಾಯಿ ಹಾಕಿದ ಹಿತ್ತಾಳೆಯ ಪರಾತ. ಪರಾತದಲ್ಲಿ ಒಂದು ಮುಷ್ಟಿ ಬಿಳಿ ಎಳ್ಳು, ಅಷ್ಟೇ. ಮುಗಿಯುವ ಹೊತ್ತಿಗೆ ಆ ಒಂದು ಮುಷ್ಟಿಯೇ ಡಬ್ಬಿ ತುಂಬುತ್ತದೆ.

ಎಳ್ಳನ್ನು ಮೊದಲೇ ತೊಳೆದು, ಒಣಗಿಸಿ, ಸಿಡಿಯದ ಹಾಗೆ ಹದವಾಗಿ ಬೆಚ್ಚಗೆ ಮಾಡಿಟ್ಟಿರುತ್ತಾರೆ. ಪಾಕಕ್ಕೆ ಸಕ್ಕರೆ, ಅದರ ಅರ್ಧದಷ್ಟು ನೀರು. ಕುದಿ ಬಂದಾಗ ಒಂದು ಚಮಚ ಹಾಲು ಹಾಕಿದರೆ ಸಕ್ಕರೆಯ ಕೊಳೆಯೆಲ್ಲ ಹಾಲಿನ ಜೊತೆ ಮೇಲೆ ತೇಲುತ್ತದೆ. ಅದನ್ನು ತೆಗೆದು, ಬಟ್ಟೆಯಲ್ಲಿ ಸೋಸಬೇಕು. ಆಮೇಲೆ ಒಂದೆಳೆ ಬರುವವರೆಗೆ ಕಾಯಿಸಿ, ಎರಡು ಹನಿ ನಿಂಬೆರಸ. ಈ ನಿಂಬೆರಸದ ವಿಷಯಕ್ಕೆ ಮುಂದೆ ಬರುತ್ತೇನೆ.

ನಂತರದ್ದೆಲ್ಲ ಬೆರಳಿನ ಕೆಲಸ. ಒಂದು ಸಣ್ಣ ಚಮಚ ಪಾಕವನ್ನು ಎಳ್ಳಿನ ಮೇಲೆ ಹನಿಸಬೇಕು. ಕೂಡಲೇ ಬೆರಳ ತುದಿಗಳಿಂದ ಮೆಲ್ಲಗೆ ಆಡಿಸುತ್ತಾ ಹೋಗಬೇಕು: ಒತ್ತಬಾರದು, ತಿಕ್ಕಬಾರದು, ಬಿಡಬಾರದು. ತೇವ ಆರಿ ಕಾಳುಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡತೊಡಗಿದಾಗ ಮುಂದಿನ ಚಮಚ. ಪಾಕ ಹೆಚ್ಚಾದರೆ ಕಾಳುಗಳು ಗುಂಪುಗಟ್ಟಿ ಅಂಟುತ್ತವೆ. ಬೆಂಕಿ ಹೆಚ್ಚಾದರೆ ಹೊದ್ದ ಸಕ್ಕರೆ ಕರಗಿ ಮೈ ನುಣುಪಾಗುತ್ತದೆ, ಬಣ್ಣ ಕೆಡುತ್ತದೆ. ಅವಸರದಿಂದ ಆಡಿಸಿದರೆ ಎದ್ದ ಮುಳ್ಳು ಮುರಿದು ತಳಕ್ಕೆ ಪುಡಿಯಾಗಿ ಬೀಳುತ್ತದೆ. ಬಿಸಿಲೇರಿದ ಮೇಲೆ ಕೆಲಸ ಮುಂದುವರಿಸುವಂತಿಲ್ಲ. ತೆಳುಬಟ್ಟೆ ಮುಚ್ಚಿಟ್ಟು ಮರುದಿನ ನಸುಕಿಗೆ ಮತ್ತೆ ಹಚ್ಚಬೇಕು. ಹೀಗೆ ಹಲವು ಮುಂಜಾವು ಕಳೆದರೆ ಒಂದು ಪರಾತ ಮುಗಿಯುತ್ತದೆ.

ನಾನು ತರಗತಿಯಲ್ಲಿ ಹೇಳುತ್ತಿದ್ದ ಪಾಠ ಇಲ್ಲಿ ಬೆರಳ ಕೆಳಗೆ ನಡೆಯುತ್ತಿತ್ತು. 20 ಡಿಗ್ರಿ ಬಿಸಿಯ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ. ಕುದಿಯುವ ನೀರು ಅದರ ಎರಡು ಪಟ್ಟಿಗಿಂತಲೂ ಹೆಚ್ಚು. ಬಿಸಿ ಪಾಕ ಕಾಳಿನ ಮೇಲೆ ಬಿದ್ದು ತಣಿಯುತ್ತಾ ನೀರನ್ನು ಕಳೆದುಕೊಳ್ಳುವಾಗ, ತಾನು ಹಿಡಿದಿಟ್ಟುಕೊಳ್ಳಲಾರದ ಸಕ್ಕರೆಯನ್ನು ಹೊರಗೆ ಬಿಟ್ಟುಕೊಡುತ್ತದೆ. ಅದು ಹೊಸ ಹರಳಾಗುವುದಕ್ಕಿಂತ ಮೊದಲೇ ಇರುವ ಹರಳಿನ ತುದಿಗೆ ಹೋಗಿ ಕೂಡುವುದೇ ಹೆಚ್ಚು. ಆದ್ದರಿಂದ ಎಲ್ಲಿ ಒಂದು ಸಣ್ಣ ಮೊನೆ ಎದ್ದಿದೆಯೋ ಅಲ್ಲೇ ಮತ್ತೆ ಬೆಳೆಯುತ್ತದೆ, ಮೊನೆ ಮುಳ್ಳಾಗುತ್ತದೆ. ಚಳಿಗಾಲದ ಒಣಗಾಳಿ ಇದಕ್ಕೆ ಒದಗಿಬರುತ್ತದೆ. ಮಳೆಗಾಲದಲ್ಲಿ ಯಾರೂ ಕುಸುರೆಳ್ಳು ಮಾಡುವುದಿಲ್ಲ. ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿರುವ ಧಾರವಾಡದ ಜನವರಿಯ ನಸುಕು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಇದನ್ನೆಲ್ಲ ನಾನು ಉತ್ಸಾಹದಿಂದ ವಿವರಿಸಿದಾಗ ಅತ್ಯಾ ಆಸಕ್ತಿಯಿಂದ ಕೇಳಿ, "ಖರೆ ಅದ. ಅದಕ್ಕ ನಮ್ಮ ಅತ್ತಿಯವರು ಹಳೇ ಪುಡೀ ಒಂದ ಚಿಟಿಕಿ ಇಟ್ಟಿರ್ತಿದ್ರು, ಮೊದಲನೇ ಪಾಕಕ್ಕ ಉದುರಸ್ಲಿಕ್ಕೆ" ಎಂದಳು. ಹಿಂದಿನ ವರ್ಷದ ಕುಸುರೆಳ್ಳಿನ ಪುಡಿ! ನಾವು ಪ್ರಯೋಗಶಾಲೆಯಲ್ಲಿ ಹರಳು ಬೆಳೆಸಲು ಬೀಜ ಬಿಡುವುದೂ ಇದೇ. ಆ ಕ್ಷಣ ನನಗಾದ ಸಂತೋಷ ದೊಡ್ಡದು. ನನ್ನ ವಿದ್ಯೆಯೂ ಅವಳ ವಿದ್ಯೆಯೂ ಒಂದೇ ಪರಾತದ ಎರಡು ಬದಿಯಲ್ಲಿ ಕೂತಿದ್ದವು.

ಕುಸುರೆಳ್ಳನ್ನು ಒಬ್ಬರೇ ಮಾಡಬಹುದು. ಆದರೆ ಇಬ್ಬರಿದ್ದರೆ ಚೆನ್ನಾಗಿ ಆಗುತ್ತದೆ. ಆಡಿಸುವ ಕೈ ನಿಲ್ಲದ ಹಾಗೆ ಇನ್ನೊಂದು ಕೈ ಹನಿಸುತ್ತಿರಬೇಕು. ಒಂದು ಮುಂಜಾನೆ ಆಡಿಸುವ ಕೆಲಸ ನನಗೆ ಕೊಟ್ಟು ಅತ್ಯಾ ಚಮಚ ಹಿಡಿದಿದ್ದಳು. ಮನೆಯವರೆಲ್ಲ ಹುಗ್ಗಿ ಉಂಡು ಮತ್ತೆ ಮಲಗಿದ್ದರು. ಯಾವ ಪೀಠಿಕೆಯೂ ಇಲ್ಲದೆ ಅವಳು ಹೇಳಿದಳು:

"ನಿಮ್ಮ ಮಾಮಾ ಹನಸ್ತಿದ್ರು. ನಾ ಆಡಸ್ತಿದ್ದೆ."

ನಾನು ತಲೆ ಎತ್ತಲಿಲ್ಲ. ಎತ್ತಿದ್ದರೆ ಅವಳು ನಿಲ್ಲಿಸಿಬಿಡುತ್ತಿದ್ದಳೇನೋ.

ಮಾಮಾ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದರು. ದೊಡ್ಡ ಕೂಡುಕುಟುಂಬ, ಸಣ್ಣ ಮನೆ. ಹಗಲು ಗಂಡಹೆಂಡತಿ ಎದುರುಬದುರು ಕೂತು ಎರಡು ಮಾತಾಡುವ ರೂಢಿ ಆ ಮನೆಯಲ್ಲಿರಲಿಲ್ಲ. ರಾತ್ರಿಯೂ ಗೋಡೆಯಾಚೆ ಜನ. ಹಿರಿಯರ ಮುಂದೆ ಹೆಂಡತಿಯ ಜೊತೆ ಮಾತಿಗೆ ಕೂಡುವುದು ಗಂಡಸಿಗೆ ಮರ್ಯಾದೆಯಲ್ಲ ಎಂದಿದ್ದ ಕಾಲ. ಮದುವೆಯಾದ ಮೊದಲ ಧನುರ್ಮಾಸದಲ್ಲಿ ಅತ್ಯಾನ ಅತ್ತೆಗೆ ಕೈನೋವು ಬಂದು ಹನಿಸುವವರಿಲ್ಲದಾದಾಗ ಮಾಮಾ ತಾವಾಗಿಯೇ ಬಂದು ಚಮಚ ಹಿಡಿದು ಕೂತರಂತೆ. ಕೆಲಸಕ್ಕೆ ಎರಡು ಕೈ ಬೇಕಲ್ಲ, ಯಾರು ಏನನ್ನಬೇಕು? ಅಂದಿನಿಂದ ಪ್ರತಿ ವರ್ಷ ಅವರದ್ದೇ ಪಾಳಿ. ಶೆಗಡಿಯ ಮುಂದೆ ಕೂತು ಅವರು ವರ್ಕ್‌ಶಾಪಿನ ಸುದ್ದಿ, ಓದಿದ ಕಾದಂಬರಿಯ ಕಥೆ, ಮುಂದೆ ಕಟ್ಟಬೇಕೆಂದಿದ್ದ ಮನೆಯ ಲೆಕ್ಕ ಎಲ್ಲ ಹೇಳುತ್ತಿದ್ದರು.

"ವರ್ಷದಾಗ ಆ ಇಷ್ಟ ಮುಂಜಾನಿ ನಮ್ಮವು" ಎಂದಳು ಅತ್ಯಾ. "ಸಕ್ಕರಿ ತುಟ್ಟಿ ಆದ ವರ್ಷ ಅತ್ತಿಯವರು ಈ ಸಲ ಸ್ವಲ್ಪ ಮಾಡಿದ್ರ ಸಾಕು ಅಂದ್ರು. ನಿಮ್ಮ ಮಾಮಾ ಪಗಾರದಾಗಿಂದ ತಾವ ಸಕ್ಕರಿ ತಂದ್ರು."

ನನಗೆ ಆವರೆಗೆ ಕುಸುರೆಳ್ಳೆಂದರೆ ಕೊಡುವ ವಸ್ತು. ಮಾಡುವ ಹೊತ್ತೇ ಒಬ್ಬರಿಗೊಬ್ಬರು ಕೊಟ್ಟುಕೊಂಡ ಉಡುಗೊರೆಯಾಗಿರಬಹುದೆಂದು ಹೊಳೆದದ್ದು ಆ ಮುಂಜಾನೆ. ಪ್ರೀತಿಯ ಬಗ್ಗೆ ನಮ್ಮ ಮನೆತನಗಳಲ್ಲಿ ಯಾರೂ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಆದರೆ ಅಷ್ಟು ಜನರ ನಡುವೆ ಆ ಇಬ್ಬರು ಒಂದು ಪರಾತದಷ್ಟು ಜಾಗವನ್ನು ತಮಗಾಗಿ ಹುಡುಕಿಕೊಂಡಿದ್ದರು. ಮಾಮಾ ಹೋದ ಮೇಲೂ ಅತ್ಯಾ ಊರಿನ ಸೊಸೆಯರಿಗೆಲ್ಲ ಯಾಕೆ ಬೇಸರಿಸದೆ ಮಾಡಿಕೊಡುತ್ತಿದ್ದಳೆಂಬುದೂ ಆಗ ನನಗೆ ತಿಳಿಯಿತು.

ಡಬ್ಬಿ ತುಂಬಿದ ಮೇಲೆ ಕಳಿಸುವುದೂ ಒಂದು ವಿದ್ಯೆ. ಕುಸುರೆಳ್ಳನ್ನು ಡಬ್ಬಿಯ ಕಂಠದವರೆಗೆ ತುಂಬಿ ಮೇಲೆ ಹತ್ತಿ ಇಡಬೇಕು. ಖಾಲಿ ಜಾಗ ಬಿಟ್ಟರೆ ದಾರಿಯುದ್ದಕ್ಕೂ ಕಾಳುಗಳು ಒಂದನ್ನೊಂದು ತಿಕ್ಕಿ ಮುಳ್ಳು ಕಳೆದುಕೊಳ್ಳುತ್ತವೆ. ಡಬ್ಬಿಯನ್ನೂ ಸೀರೆಯನ್ನೂ ಕಾಕಾ ಒಯ್ಯುವುದೆಂದಾಯಿತು. ಹುಬ್ಬಳ್ಳಿಯಿಂದ ಗದಗ, ಬಾದಾಮಿ, ಬಾಗಲಕೋಟೆ ದಾಟಿ ಬಿಜಾಪುರಕ್ಕೆ ಹೋಗುವ ಆಗಿನ ಮೀಟರ್ ಗೇಜ್ ಗಾಡಿಯಲ್ಲಿ ಅವರು ಡಬ್ಬಿಯನ್ನು ತೊಡೆಯ ಮೇಲಿಂದ ಇಳಿಸದೆ ಹೋದರು.

ಅದಲ್ಲದೆ ನಾನೊಂದು ಪತ್ರ ಹಾಕಿದೆ. ಸಂಕ್ರಾಂತಿಗೆ ದೂರದವರಿಗೆ ಕಾಗದದಲ್ಲಿ ಚಿಟಿಕೆ ಕುಸುರೆಳ್ಳು ಇಟ್ಟು ಕಳಿಸುವುದು ನಮ್ಮ ಕಡೆಯ ರೂಢಿ. ಇನ್‌ಲ್ಯಾಂಡ್ ಪತ್ರದೊಳಗೆ ಏನನ್ನೂ ಇಡುವಂತಿಲ್ಲ, ಆದ್ದರಿಂದ ಪಾಕೀಟೇ ಆಗಬೇಕು. ಅತ್ಯಾ ಅದಕ್ಕೂ ಒಂದು ಕ್ರಮ ಹೇಳಿಕೊಟ್ಟಳು. ಅಂಚೆಚೀಟಿ ಇರುವ ಮೂಲೆಯಲ್ಲಿ ಠಸ್ಸೆ ಬೀಳುತ್ತದೆ, ಅಲ್ಲಿಡಬಾರದು. ಕೆಳಗಿನ ಎಡಮೂಲೆಯಲ್ಲಿ, ಬೆಣ್ಣೆಕಾಗದದ ಸಣ್ಣ ಪುಡಿಕೆ ಕಟ್ಟಿ, ಸುತ್ತ ಕಾಗದದ ಮಡಿಕೆ ಬರುವ ಹಾಗೆ ಇಡಬೇಕು. ಪತ್ರದಲ್ಲಿ ಏನು ಬರೆದೆನೆಂಬುದು ನೆನಪಿಲ್ಲ. ಚಳಿ, ಕಾಲೇಜು, ಮನೆಯವರ ಕ್ಷೇಮ ಇಷ್ಟೇ ಇದ್ದಿರಬೇಕು. ಮಾಡಿದ್ದು ಯಾರೆಂದು ಮಾತ್ರ ಬರೆಯಲಿಲ್ಲ. "ಹೇಳಬ್ಯಾಡ. ಕೇಳಿದ್ರ ಹೇಳು" ಎಂದಿದ್ದಳು ಅತ್ಯಾ.

ಕಾಕಾ ವಾಪಸು ಬಂದಾಗ ಬೀಗರ ಮನೆಯಿಂದ ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಅಮೀನಗಡದ ಕರದಂಟು ಬಂದವು. ಮನೆಯಲ್ಲಿ ಎರಡು ದಿನ ಅದೇ ಹಬ್ಬ. ನಾನು ಕಾಯುತ್ತಿದ್ದುದು ಅಂಚೆಯವನನ್ನು.

ಉತ್ತರ ಬಂತು. ಮೊದಲ ಪುಟವೆಲ್ಲ ಹಿರಿಯರಿಗೆ ನಮಸ್ಕಾರ, ಕಿರಿಯರಿಗೆ ಆಶೀರ್ವಾದ, ಸೀರೆಯ ಬಣ್ಣ ಎಲ್ಲರಿಗೂ ಹಿಡಿಸಿತು ಇತ್ಯಾದಿ. ಎರಡನೆಯ ಪುಟದ ಕೊನೆಯಲ್ಲಿ ಅವಳು ಬರೆದಿದ್ದಳು: ಕುಸುರೆಳ್ಳಿನಲ್ಲಿ ಎರಡು ಕೈ ಕಾಣಿಸಿದವು. ಒಂದು ಬಹಳ ವರ್ಷ ಮಾಡಿದವರದ್ದು, ಸುತ್ತಲೂ ಸಮನಾದ ಮುಳ್ಳು. ಇನ್ನೊಂದರಲ್ಲಿ ಮುಳ್ಳು ಒಂದು ಬದಿಗೆ ಉದ್ದ, ಒಂದು ಬದಿಗೆ ಗಿಡ್ಡ. ಆ ಎರಡನೆಯ ಕೈ ಯಾರದ್ದು?

ನಾನು ಆ ಸಾಲುಗಳನ್ನು ಅತ್ಯಾನಿಗೆ ಓದಿ ಹೇಳಿದೆ. ಅವಳು ಬಹಳ ಹೊತ್ತು ನಕ್ಕಳು. ಆಮೇಲೆ, "ಹುಡುಗಿ ಕೆಲಸಾ ಬಲ್ಲಾಕಿ ಇದ್ದಾಳ. ನಿನಗ ಛೊಲೋ ಆತು" ಎಂದಳು. ಕಾಳಿಗೊಂದು ಕೈಗುರುತು ಇರುತ್ತದೆಂದು ಬಲ್ಲವರು ಮಾತ್ರ ಹಾಗೆ ಬರೆಯಬಲ್ಲರು. ಆಡಿಸುವಾಗ ಬೆರಳು ಒಂದೇ ದಿಕ್ಕಿಗೆ ಹೆಚ್ಚು ಹೋದರೆ ಕಾಳು ಪೂರ್ತಿ ಉರುಳುವುದಿಲ್ಲ. ಮೇಲಿನ ಬದಿಗೆ ಪಾಕ ಹೆಚ್ಚು ಸಿಗುತ್ತದೆ, ಅಲ್ಲೇ ಮುಳ್ಳು ಉದ್ದ. ನಾನು ಎಡದಿಂದ ಬಲಕ್ಕೆ ಆಡಿಸುವವನು ಎಂಬುದನ್ನು ನನ್ನನ್ನು ಎರಡೇ ಸಲ ನೋಡಿದ ಹುಡುಗಿ ಬಿಜಾಪುರದಲ್ಲಿ ಕೂತು ಓದಿಬಿಟ್ಟಿದ್ದಳು.

ನಾನು ಮಾತಿನಲ್ಲಿ ಉತ್ತರಿಸಲಿಲ್ಲ. ಸಂಕ್ರಾಂತಿಯ ಎಳ್ಳನ್ನು ರಥಸಪ್ತಮಿಯವರೆಗೂ ಕೊಡಬಹುದು. ಶೆಗಡಿ ಹೊತ್ತಿಸಿ, ಈ ಸಲ ಹನಿಸುವುದೂ ಆಡಿಸುವುದೂ ನಾನೇ ಆಗಿ, ಒಂದಿಷ್ಟು ಕೇಸರಿ ಕರಗಿಸಿದ ಪಾಕದಿಂದ ಹಳದಿ ಕುಸುರೆಳ್ಳು ಮಾಡಿ, ಪುಡಿಕೆ ಕಟ್ಟಿ ಪಾಕೀಟಿಗೆ ಹಾಕಿದೆ. ಪಕ್ಕದಲ್ಲಿ ಒಂದು ಖಾಲಿ ಹಾಳೆ. ರಥಸಪ್ತಮಿಗೆ ಮುಂಚೆ ಅವಳಿಂದ ಬಂದ ಪಾಕೀಟಿನಲ್ಲೂ ಒಂದು ಪುಡಿಕೆಯಿತ್ತು. ಅದರಲ್ಲಿ ಖಸಖಸೆಯ ಮೇಲೆ ಹೊದಿಸಿದ ಸಕ್ಕರೆ, ಸಾಸಿವೆಗಿಂತ ಚಿಕ್ಕ ಕಾಳು, ಅದಕ್ಕೂ ಮುಳ್ಳು. ಎಳ್ಳಿಗಿಂತ ಖಸಖಸೆಯ ಮೇಲೆ ಮುಳ್ಳೆಬ್ಬಿಸುವುದು ಎಷ್ಟು ಕಷ್ಟವೆಂದು ಆ ಹೊತ್ತಿಗೆ ನನಗೆ ಗೊತ್ತಿತ್ತು. ಪತ್ರಗಳಲ್ಲಿ ಆ ಮೇಲೆ ನಾವು ಬಹಳಷ್ಟು ಬರೆದುಕೊಂಡೆವು, ಆದರೆ ಆ ಎರಡು ಪುಡಿಕೆಗಳಲ್ಲಿ ಹೇಳಿದಷ್ಟನ್ನು ಬರೆಯಲು ನಮಗೆ ಬರುತ್ತಿರಲಿಲ್ಲ.

ವೈಶಾಖದಲ್ಲಿ ಮದುವೆಯಾಯಿತು. 1987ರ ಸಂಕ್ರಾಂತಿ ಅವಳಿಗೆ ನಮ್ಮ ಮನೆಯ ಮೊದಲನೆಯದು. ಹೊಸ ಸೊಸೆಗೆ ಮೊದಲ ಸಂಕ್ರಾಂತಿಯಲ್ಲಿ ಕುಸುರೆಳ್ಳಿನ ದಾಗೀನು ತೊಡಿಸಬೇಕು. ಬೋರಮಾಳ, ಗುಂಡಿನ ಟೀಕಿ, ಪಾಟಲಿ, ಬಿಲವರ, ವಂಕಿ, ಝುಮಕಿ, ನತ್ತು, ಸೊಂಟಕ್ಕೆ ಡಾಬು: ಬಂಗಾರದಲ್ಲಿ ಎಷ್ಟು ಬಗೆಯುಂಟೋ ಅಷ್ಟೂ ಸಕ್ಕರೆಯಲ್ಲಿ. ಇದಕ್ಕೆ ಒಂದೇ ಗಾತ್ರದ ಕಾಳು ಸಾಲದು. ಸರಕ್ಕೆ ಸಾಬೂದಾಣಿಯ ಮೇಲೆ ಹೊದಿಸಿದ ದುಂಡನೆಯ ಮಣಿ, ಅಂಚಿಗೆ ಎಳ್ಳು, ಪದಕದ ನಡುವೆ ಕಲ್ಲಂಗಡಿ ಬೀಜ, ತೂಗಾಡುವ ತುದಿಗಳಿಗೆ ಲವಂಗ. ಒಂದೊಂದನ್ನೂ ಬೇರೆ ಬೇರೆ ಪರಾತದಲ್ಲಿ ಬೆಳೆಸಬೇಕು. ಕಾಳನ್ನು ಚುಚ್ಚಿ ಪೋಣಿಸಲು ಬರುವುದಿಲ್ಲ, ಒಡೆದುಹೋಗುತ್ತದೆ. ದಾರದ ಕುಣಿಕೆಯಲ್ಲಿ ಕೂಡಿಸಿ ಗಂಟು ಬಿಗಿಯಬೇಕು. ದಾರ ಜಾರದಂತೆ ಹಿಡಿದುಕೊಳ್ಳುವುದು ಮುಳ್ಳು. ಅಂದಕ್ಕೆಂದು ನಾನು ತಿಳಿದಿದ್ದ ಮುಳ್ಳಿಗೆ ಇಂಥದೊಂದು ಕೆಲಸವೂ ಇತ್ತು.

ದಾಗೀನನ್ನು ತೊಡುವವಳಿಂದ ಮುಚ್ಚಿಟ್ಟು ಮಾಡಬೇಕೆಂದು ಅವ್ವನ ಆಸೆ. ಒಂದೇ ಮನೆಯಲ್ಲಿದ್ದುಕೊಂಡು ಅದು ಆಗುವ ಮಾತಲ್ಲ. ನಸುಕಿನಲ್ಲಿ ನಾನು ಎದ್ದು ಹೊರಟಾಗ ಅವಳೂ ಎದ್ದು ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು. ಅತ್ಯಾ ಅವಳನ್ನು ನೋಡಿ ಚಮಚವನ್ನು ಅವಳ ಕೈಗೆ ಕೊಟ್ಟು, "ನನಗ ಬೆನ್ನು ನೋಯ್ಲಿಕ್ಕತ್ತದ, ನೀವಿಬ್ಬರು ಮುಗಸ್ರಿ" ಎಂದು ಎದ್ದು ಹೋದಳು. ಅವಳ ಬೆನ್ನು ಗಟ್ಟಿಯಾಗಿಯೇ ಇತ್ತು. ಅದರ ನಂತರವೂ ಎಷ್ಟೋ ವರ್ಷ ಕೊಡ ಹೊತ್ತಳು. ಮನೆ ತುಂಬ ಜನರಿದ್ದ ಆ ಕಾಲದಲ್ಲಿ ನಮಗಿಬ್ಬರಿಗೂ ಕೂತು ಮಾತಾಡಲು ಸಿಕ್ಕ ಮೊದಲ ನಿಶ್ಚಿಂತ ಹೊತ್ತು ಅದು. ಅವಳು ಹನಿಸಿದಳು, ನಾನು ಆಡಿಸಿದೆ. ಬಿಜಾಪುರದ ಮನೆ, ಅರ್ಧಕ್ಕೆ ನಿಂತ ತನ್ನ ಓದು, ಮತ್ತೆ ಕಲಿಯಬೇಕೆಂಬ ಆಸೆ ಎಲ್ಲವನ್ನೂ ಅವಳು ನನಗೆ ಹೇಳಿದ್ದು ಆ ಪರಾತದ ಮುಂದೆ. ಮುಂದಿನ ಜೂನಿನಲ್ಲಿ ಅವಳು ಬಿ.ಎಡ್.ಗೆ ಸೇರಿದಳು. ಹಿರಿಯರೊಡನೆ ಆ ಮಾತನ್ನು ಹೇಗೆ ಎತ್ತಬೇಕೆಂದು ಯೋಚಿಸಿದ್ದೂ ಅಲ್ಲೇ.

ಸಂಕ್ರಾಂತಿಯ ಸಂಜೆ ಓಣಿಯ ಹೆಂಗಸರೆಲ್ಲ ಬಂದು ಕೂತರು. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಬಿಳಿಯ ದಾಗೀನು ತೊಟ್ಟು ಅವಳು ಮಣೆಯ ಮೇಲೆ ಕೂತಿದ್ದಳು. ಅತ್ಯಾ ಎಂದಿನಂತೆ ಹಿಂದಿನ ಕೋಣೆಯಲ್ಲಿದ್ದಳು. ಹಂಚುವ ಹೊತ್ತಿಗೆ ನನ್ನ ಹೆಂಡತಿ ಬಟ್ಟಲು ಹಿಡಿದು ಎದ್ದು, ಮೊದಲು ಆ ಕೋಣೆಗೆ ಹೋದಳು. ಅತ್ಯಾನ ಅಂಗೈಗೆ ಕುಸುರೆಳ್ಳು ಹಾಕಿ, ಕಾಲು ಮುಟ್ಟಿ ನಮಸ್ಕಾರ ಮಾಡಿ, ಆಮೇಲೆ ಪಡಸಾಲೆಗೆ ಬಂದು ಉಳಿದವರಿಗೆ ಹಂಚಿದಳು. ಯಾರೂ ಏನೂ ಅನ್ನುವಂತಿರಲಿಲ್ಲ. ಅರಿಷಿಣ-ಕುಂಕುಮಕ್ಕೆ ನೇಮವಿದೆ, ಬಾಗಿನಕ್ಕೆ ನೇಮವಿದೆ. ಎಳ್ಳು ಮಾತ್ರ ಎಲ್ಲರಿಗೂ ಸಲ್ಲುತ್ತದೆ, ಹಿರಿಯರಿಗೆ ಮೊದಲು ಸಲ್ಲುತ್ತದೆ. ಅವಳು ಯಾವ ನೇಮವನ್ನೂ ಮುರಿಯಲಿಲ್ಲ. ಇದ್ದ ನೇಮವನ್ನು ಪೂರ್ತಿ ಪಾಲಿಸಿದಳು. ಮರುವರ್ಷದಿಂದ ಅಕ್ಕಪಕ್ಕದ ಇಬ್ಬರು ಸೊಸೆಯರೂ ಹಾಗೆಯೇ ಮಾಡಿದರು.

ಪ್ರೀತಿಸಿದವರಿಗೆ ಸಿಹಿ ಮಾಡಿಕೊಡುವ ಹಂಬಲ ಕುಸುರೆಳ್ಳಿಗೆ ಮುಗಿಯುವುದಿಲ್ಲ. ನಾನು ನಿವೃತ್ತನಾಗುವ ಕೆಲವು ವರ್ಷ ಮುಂಚೆ ಒಬ್ಬ ವಿದ್ಯಾರ್ಥಿ ಫೆಬ್ರವರಿಯಲ್ಲಿ ಸ್ಟಾಫ್ ರೂಮಿಗೆ ಬಂದು, ಮನೆಯಲ್ಲಿ ಕರಗಿಸಿ ಅಚ್ಚು ಹೊಯ್ದ ಚಾಕೊಲೇಟಿನ ಮೇಲೆ ಬೂದಿಬಣ್ಣ ಯಾಕೆ ಬರುತ್ತದೆ ಸರ್ ಎಂದು ಕೇಳಿದ. ಯಾರಿಗೆ ಕೊಡಲೆಂದು ನಾನು ಕೇಳಲಿಲ್ಲ. ಕೋಕೋ ಬೆಣ್ಣೆ ಆರು ಬಗೆಯಲ್ಲಿ ಹರಳುಗಟ್ಟುತ್ತದೆ. ಅದರಲ್ಲಿ ಐದನೆಯ ಬಗೆಯ ಹರಳಾದರೆ ಮಾತ್ರ ಮೈ ಹೊಳೆಯುತ್ತದೆ, ಮುರಿದರೆ ಟಪ್ಪೆನ್ನುತ್ತದೆ, ಸುಮಾರು 34 ಡಿಗ್ರಿಯಲ್ಲಿ, ಅಂದರೆ ಬಾಯಿಯ ಬಿಸಿಗೆ, ಕರಗುತ್ತದೆ. ಉಳಿದ ಬಗೆಯಾದರೆ ಕೊಬ್ಬು ಮೇಲೆದ್ದು ಬಿಳಿಚಿಕೊಳ್ಳುತ್ತದೆ. ಕರಗಿಸಿದ್ದನ್ನು ತಣಿಸುವಾಗ ಒಳ್ಳೆಯ ಚಾಕೊಲೇಟಿನ ಒಂದಿಷ್ಟು ತುರಿ ಸೇರಿಸು, ಅದೇ ಬೀಜದ ಹರಳು, ಉಳಿದದ್ದು ಅದರ ದಾರಿ ಹಿಡಿಯುತ್ತದೆ ಎಂದು ಹೇಳಿಕೊಟ್ಟೆ. ಹೇಳುವಾಗ ಹಿಂದಿನ ವರ್ಷದ ಕುಸುರೆಳ್ಳಿನ ಪುಡಿಯ ಮಾತೂ ಬಂತು. ಹುಡುಗ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಹಳಬರು ಇಂಥ ಫೆಬ್ರವರಿಯ ಸಂಭ್ರಮವನ್ನು ಹೊರಗಿನದೆಂದು ಜರಿಯುವುದನ್ನು ಕೇಳಿದ್ದೇನೆ. ನನಗೆ ಹಾಗನ್ನಿಸುವುದಿಲ್ಲ. ಅಂಗಡಿಯ ಪೆಟ್ಟಿಗೆಗೆ ರಿಬ್ಬನ್ ಕಟ್ಟಿ ಕೊಟ್ಟುಬಿಡಬಹುದಾಗಿದ್ದ ಹುಡುಗ, ಹರಳಿನ ಪಾಠ ಕೇಳಲು ಮಾಸ್ತರರ ಹತ್ತಿರ ಬಂದಿದ್ದಾನೆಂದರೆ ಅವನಿಗೆ ಕಲಿಸುವುದೇ ನನ್ನ ಧರ್ಮ.

ಈಗ ಕುಸುರೆಳ್ಳನ್ನು ಯಂತ್ರದಲ್ಲಿ ಮಾಡುತ್ತಾರೆ. ತಿರುಗುವ ದೊಡ್ಡ ಬಾಣಲೆಯಲ್ಲಿ ಪಾಕ ಸುರಿದು ಒಂದೇ ಸಲಕ್ಕೆ ಚೀಲಗಟ್ಟಲೆ ತೆಗೆಯುತ್ತಾರೆ. ಕೆಂಪು, ಹಸಿರು, ಹಳದಿ ಎಲ್ಲ ಸಿಗುತ್ತವೆ. ದಾಗೀನುಗಳೂ ಸಿದ್ಧವಾಗಿ ಬೆಳಗಾವಿಯ, ಹುಬ್ಬಳ್ಳಿಯ ಪೇಟೆಗೆ ಬರುತ್ತವೆ. ಅವನ್ನು ಮಾಡಿ ಮಾರುವ ಹೆಂಗಸರಿಗೆ ಅದೊಂದು ಸಂಪಾದನೆ, ಅದು ಒಳ್ಳೆಯದೇ. ಆದರೆ ನಮ್ಮ ಮನೆಗೆ ಕುಸುರೆಳ್ಳು ಪೇಟೆಯಿಂದ ಬಂದಿಲ್ಲ. ಅತ್ಯಾ ತೀರಿಕೊಂಡ ವರ್ಷವೂ ನಿಲ್ಲಿಸಲಿಲ್ಲ. ಆ ವರ್ಷ ಹಬ್ಬ ಮಾಡುವಂತಿರಲಿಲ್ಲ, ಆದರೂ ಅವಳ ಪರಾತವನ್ನು ಖಾಲಿ ಬಿಡಲು ನಮಗೆ ಮನಸ್ಸಾಗದೆ ಒಂದು ಹಿಡಿ ಮಾಡಿ, ಅವಳಿಂದ ಕಲಿತವರ ಮನೆಗಳಿಗೆ ಕಳಿಸಿದೆವು. ಇದ್ದಲು ಶೆಗಡಿ ಹೋಗಿ ಈಗ ಗ್ಯಾಸಿನ ಮೇಲೆ ದಪ್ಪ ತವೆ, ತವೆಯ ಮೇಲೆ ಅದೇ ಪರಾತ. ಮನೆಯಲ್ಲಿ ನಾವಿಬ್ಬರೇ ಇರುವುದರಿಂದ ಮಾತಿಗೆ ಜಾಗ ಹುಡುಕಬೇಕಾದ ಅಗತ್ಯ ಈಗಿಲ್ಲ. ಆದರೂ ಮುಖ್ಯವಾದ ಮಾತುಗಳನ್ನು ನಾವು ಡಿಸೆಂಬರಿಗೆ ಉಳಿಸಿಕೊಳ್ಳುತ್ತೇವೆ. ಮಗನ ಮದುವೆ, ಅವಳ ಕಣ್ಣಿನ ಶಸ್ತ್ರಚಿಕಿತ್ಸೆ, ಹಳೆಯ ಮನೆಯನ್ನು ಮಾರುವುದೋ ಬೇಡವೋ ಎಲ್ಲ ಅಲ್ಲೇ ತೀರ್ಮಾನವಾದವು.

ತೀರ್ಮಾನವಾಗದೆ ಉಳಿದದ್ದು ನಿಂಬೆರಸ ಒಂದೇ. ಅತ್ಯಾ ಪಾಕಕ್ಕೆ ಎರಡು ಹನಿ ಹಿಂಡುತ್ತಿದ್ದಳು. ಬಿಜಾಪುರದ ಕಡೆ ಬರೀ ಹಾಲು, ನಿಂಬೆ ಇಲ್ಲ. ಹುಳಿ ಬಿದ್ದರೆ ಸಕ್ಕರೆಯ ಒಂದು ಪಾಲು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ, ಅವು ಹರಳುಗಟ್ಟುವುದನ್ನು ತಡೆಯುತ್ತವೆ, ಆದ್ದರಿಂದ ಪಾತ್ರೆಯಲ್ಲಿ ಪಾಕ ಗಟ್ಟಿಯಾಗದೆ ಕೊನೆಯ ಚಮಚದವರೆಗೂ ತಿಳಿಯಾಗಿರುತ್ತದೆ ಎಂದು ನಾನು. ಹರಳುಗಟ್ಟುವುದನ್ನೇ ತಡೆದರೆ ಮುಳ್ಳು ಎಲ್ಲಿಂದ ಬರಬೇಕು ಎಂದು ಅವಳು. ಎರಡೂ ಸರಿಯಾದ ಮಾತು. ಹೋದ ಡಿಸೆಂಬರಿನಲ್ಲಿ ಎರಡು ಪಾತ್ರೆಯಲ್ಲಿ ಬೇರೆ ಬೇರೆ ಪಾಕ ಮಾಡಿ, ಒಂದೇ ಚೀಲದ ಎಳ್ಳನ್ನು ಎರಡು ಪಾಲು ಮಾಡಿ, ಪರೀಕ್ಷೆಗೆ ಕೂತೆವು. ನಿಂಬೆಯದರಲ್ಲಿ ಮುಳ್ಳು ತಡವಾಗಿ ಬಂತು, ಆದರೆ ಸೂಕ್ಷ್ಮವಾಗಿ, ಒತ್ತಾಗಿ ಬಂತು. ಹಾಲಿನದರಲ್ಲಿ ಬೇಗ ಬಂತು, ದಪ್ಪ ದಪ್ಪ ಮುಳ್ಳು.

"ಎರಡೂ ಕೂಡಿಸಿಬಿಡೋಣ, ಹಂಚೂವಾಗ ಯಾರಿಗೆ ಗೊತ್ತಾಗ್ತದ" ಎಂದೆ.

"ನನಗ ಗೊತ್ತಾಗ್ತದಲ್ಲಾ" ಎಂದಳು. ಡಬ್ಬಿಗಳನ್ನು ಬೇರೆ ಬೇರೆಯಾಗಿಯೇ ಇಟ್ಟು, ನಿಂಬೆಯದಕ್ಕೆ ಕೆಂಪು ಮುಚ್ಚಳ ಹಾಕಿದಳು.